ಅಜ್ಜನ ಮಾವಿಗೆ ಕಸಿ ಕಟ್ಟುವ ಹೊತ್ತು

ಆರಿದ್ರಾ ಮಳೆ ಹಿಡಿದರೆ ಸಾಕು, ಹೊಸರಿತ್ತಿಯ ಹಿತ್ತಲುಗಳಲ್ಲಿ ತಿಪ್ಪೆಯ ಬದಿಗೆ ಬಿದ್ದ ಮಾವಿನ ವಾಟೆಗಳು ತಾವಾಗಿಯೇ ಮೊಳೆಯುತ್ತವೆ. ‘ಅಜ್ಜ ಹಚ್ಚಿದ ಗಿಡದ್ದು’ ಎಂದು ಆ ಸಸಿಯನ್ನೇ ಕಿತ್ತು ಹೊಸ ಮನೆಯ ಮುಂದೆ ನೆಡುವವರು ಬಹಳ. ಪ್ರೀತಿ ದೊಡ್ಡದೇ, ಆದರೆ ಅಜ್ಜನ ಗಿಡ ಹಾಗೆ ಬರುವುದಿಲ್ಲ. ನಮ್ಮ ಸೀಮೆಯ ನಾಟಿ ಮಾವಿನ ವಾಟೆಯೊಳಗೆ ಸಾಮಾನ್ಯವಾಗಿ ಇರುವುದು ಒಂದೇ ಭ್ರೂಣ. ಅದಕ್ಕೆ ಪರಾಗ ಯಾವ ಗಿಡದಿಂದ ಬಂತೋ ಹೇಳಲಾಗದು. ಅದೇ ಹುಳಿ, ಅದೇ ವಾಸನೆ ಬೇಕೆಂದರೆ ಕಸಿಯೇ ದಾರಿ.

ತಿಪ್ಪೆಯ ಸಸಿಯೂ ದಂಡವಲ್ಲ, ಅದು ಬೇರಿನ ಗಿಡವಾಗುತ್ತದೆ. ಮೊಳೆತು ಹತ್ತು-ಹದಿನೈದು ದಿನವಾಗಿ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗ ವಾಟೆ ಕಸಿ ಕಟ್ಟಬೇಕು. ಅದಕ್ಕೂ ಎಂಟು-ಹತ್ತು ದಿನ ಮೊದಲೇ ಹಳೆಯ ಗಿಡದ ತುದಿಕಡ್ಡಿಯ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿಡಿ. ಬೆರಳು ತಾಗಿಸಿದೊಡನೆ ತೊಟ್ಟು ಉದುರಿ, ತುದಿಯ ಕಣ್ಣು ಉಬ್ಬಿದ್ದರೆ ಕಡ್ಡಿ ಸಿದ್ಧ. ಅದರ ಬುಡವನ್ನು ಬೆಣೆಯಂತೆ ಕೆತ್ತಿ, ಸಸಿಯ ಸೀಳಿನಲ್ಲಿ ತೊಗಟೆಗೆ ತೊಗಟೆ ಕೂಡುವಂತೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಿರಿ. ನಮ್ಮ ಒಣಗಾಳಿಗೆ ಮೇಲೊಂದು ಪ್ಲಾಸ್ಟಿಕ್ ಕೊಳವೆ ತೊಡಿಸಲೇಬೇಕು, ಸಸಿ ನೆರಳಲ್ಲೇ ಇರಬೇಕು. ಎರಡು-ಮೂರು ವಾರದಲ್ಲಿ ಚಿಗುರು ಕಾಣುತ್ತದೆ. ಬೆಸುಗೆ ಗಟ್ಟಿಯಾದ ಮೇಲೆ ಪಟ್ಟಿ ಬಿಚ್ಚುವುದನ್ನು ಮರೆತರೆ ಅದೇ ಗಿಡದ ಕುತ್ತಿಗೆ ಹಿಸುಕುತ್ತದೆ.

ತೀರ ಮುದಿ ಗಿಡದಲ್ಲಿ ಎಳೆಯ ಕಡ್ಡಿಯೇ ಸಿಗುವುದಿಲ್ಲ. ಆಗ ಒಂದು ಟೊಂಗೆಯನ್ನಷ್ಟೇ ಮೊಟಕುಮಾಡಿ ಹೊಸ ಚಿಗುರಿಗೆ ಕಾಯಬೇಕು. ಮನೆ ಪಾಲಾಗಿ ಗಿಡ ಉರುಳುವ ಮುನ್ನ ಈ ಕೆಲಸ ಆಗಬೇಕು, ಏಕೆಂದರೆ ಕಡಿದ ಟೊಂಗೆ ಒಣಗಿದ ಮೇಲೆ ಕಸಿಗೆ ಬಾರದು.

ಹಿತ್ತಲಿನ ಎಲ್ಲದಕ್ಕೂ ಇಷ್ಟು ಪಾಡಿಲ್ಲ. ಕಾಗ್ಜಿ ನಿಂಬೆ ಬೀಜದಿಂದಲೂ ಬಹುತೇಕ ತಾಯಿಯಂತೆಯೇ ಬರುತ್ತದೆ. ಕರಿಬೇವಿಗೆ ಬೇರುಮರಿ, ನುಗ್ಗೆಗೆ ಟೊಂಗೆ ಸಾಕು. ಬ್ಯಾಡಗಿ ಮೆಣಸಿನಕಾಯಿ ಮಾತ್ರ ಎಚ್ಚರ ಬೇಡುತ್ತದೆ: ಪಕ್ಕದಲ್ಲಿ ಹೈಬ್ರಿಡ್ ಇದ್ದರೆ ಜೇನುನೊಣ ಪರಾಗ ಬೆರೆಸುತ್ತದೆ. ಬೀಜಕ್ಕೆಂದು ಬಿಟ್ಟ ಗಿಡಗಳು ದೂರದಲ್ಲಿ, ಒಂದೇ ಕಡೆ ಇರಲಿ.

ಒಂದು ಮನೆಯ ಒಂಟಿ ಮರ ಎಷ್ಟು ದೂರ ಹೋಗಬಲ್ಲದೆಂಬುದನ್ನು ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸು ತೋರಿಸಿದೆ. ರೈತ ಎಸ್.ಎಸ್. ಪರಮೇಶ ಅವರ ತಂದೆ ಸಿದ್ದಪ್ಪ ನೆಟ್ಟ, ಕೆಂದೊಳೆಯ ಮರ ಅದು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಅದರ ಕಸಿ ಗಿಡಗಳ ಮಾರಾಟಕ್ಕೆ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಆದಾಯದ ದೊಡ್ಡ ಪಾಲು ಮರದ ಮನೆಯವರಿಗೇ. ನಮ್ಮ ವರದಾ ನದಿಯ ದಂಡೆಯ ಎಷ್ಟು ಮಾವುಗಳಿಗೆ ಇನ್ನೂ ಹೆಸರೇ ಇಲ್ಲ! ಈ ಮಳೆಗಾಲದಲ್ಲಿ ಕಟ್ಟಿದ ಪ್ರತಿ ಸಸಿಗೂ ಯಾರ ಹಿತ್ತಲಿನದು, ಉಪ್ಪಿನಕಾಯಿಗೋ ಸೀಕರಣೆಗೋ ಎಂದು ಚೀಟಿ ಬರೆದು ಕಟ್ಟಿ, ಎರಡನ್ನಾದರೂ ಬೇರೆ ಊರಿನ ಬೀಗರಿಗೆ ಕೊಡಿ.