ವಾಂಕೆಲ್ ಎಂಜಿನ್ನಿನ ತುದಿಸೀಲು: ‘ಬಾಳಿಕೆ’ ಎಂಬ ಮಾತಿನ ವಿಮರ್ಶೆ

ವಾಂಕೆಲ್ ಮಾದರಿಯ ರೋಟರಿ ಎಂಜಿನ್ನನ್ನು ಬಿಚ್ಚಿ, ಮರುಜೋಡಿಸಿ, ಸಣ್ಣ ವಿಮಾನಗಳಿಗೆ ಅಳವಡಿಸುವವರಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆದೋರುತ್ತದೆ: ಎಲ್ಲಕ್ಕಿಂತ ಹೆಚ್ಚು ಬಾಳುವ ತುದಿಸೀಲು ಯಾವುದು? ಈ ಪ್ರಶ್ನೆಗೆ ದೊರೆಯುವ ಉತ್ತರಗಳನ್ನು ನಾವಿಲ್ಲಿ ಪರಿಶೀಲಿಸಹೊರಟಿದ್ದೇವೆ. ಉತ್ತರಗಳಿಗಿಂತ ಹೆಚ್ಚಾಗಿ ಪ್ರಶ್ನೆಯೇ ದೋಷಯುಕ್ತವಾದುದೆಂಬುದು ನಮ್ಮ ಅಭಿಪ್ರಾಯ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ತಿರುಗುತ್ತಿದ್ದ ರೋಟರಿ ಎಂಜಿನ್ನಿಗೂ ಇದಕ್ಕೂ ಹೆಸರಿನ ನಂಟು ಮಾತ್ರವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಜರ್ಮನಿಯ ಎನ್‌ಎಸ್‌ಯು ಕಾರ್ಖಾನೆಯಲ್ಲಿ ಫೆಲಿಕ್ಸ್ ವಾಂಕೆಲರ ಎಂಜಿನ್ನು ಮೊದಲು ಓಡಿದುದು 1957ರಲ್ಲಿ. ಉಬ್ಬಿದ ತ್ರಿಕೋನದಂತಿರುವ ರೋಟರು, ನಡು ಕುಗ್ಗಿದ ಅಂಡಾಕೃತಿಯ ಕವಚದೊಳಗೆ ತಿರುಗುತ್ತದೆ. ರೋಟರಿನ ಮೂರು ತುದಿಗಳ ತೋಡುಗಳಲ್ಲಿ ಕುಳಿತು, ಕವಚದ ಒಳಗೋಡೆಯನ್ನು ಸವರುತ್ತ, ಒಂದು ಕೋಣೆಯ ಅನಿಲ ಇನ್ನೊಂದಕ್ಕೆ ನುಸುಳದಂತೆ ತಡೆಯುವ ಪಟ್ಟಿಯೇ ಅಪೆಕ್ಸ್ ಸೀಲು, ಅಂದರೆ ನಮ್ಮ ತುದಿಸೀಲು. ಹವ್ಯಾಸಿ ವಿಮಾನನಿರ್ಮಾಪಕರು ಹೆಚ್ಚಾಗಿ ಆರಿಸಿಕೊಳ್ಳುವ ಮಾಜ್ದಾ 13ಬಿ ಎಂಜಿನ್ನಿನಲ್ಲಿ ರೋಟರಿನ ತುದಿತ್ರಿಜ್ಯ 105 ಮಿಲಿಮೀಟರು, ಉತ್ಕೇಂದ್ರತೆ 15 ಮಿಲಿಮೀಟರು. ಶ್ಯಾಫ್ಟು ನಿಮಿಷಕ್ಕೆ 6000 ಸುತ್ತು ತಿರುಗಿದರೆ ರೋಟರು ತಿರುಗುವುದು 2000 ಸುತ್ತು. ಇಷ್ಟರಿಂದಲೇ ಲೆಕ್ಕ ಹಾಕಿದರೆ, ಸೀಲಿನ ವೇಗ ಸೆಕೆಂಡಿಗೆ 12.6 ಮೀಟರಿನಿಂದ 31.4 ಮೀಟರಿನವರೆಗೆ ಸತತವಾಗಿ ಏರಿಳಿಯುತ್ತದೆ. ಗಂಟೆಯೊಂದರಲ್ಲಿ ಅದು ಗೋಡೆಯ ಮೇಲೆ ಸವೆಸುವ ದಾರಿ ಸುಮಾರು 83 ಕಿಲೋಮೀಟರು. ಇನ್ನೂ ಗಮನಾರ್ಹವಾದುದೊಂದಿದೆ. ಕವಚದ ನೀಳವಾದ ಕೊನೆಗಳಲ್ಲಿ ಜಡತ್ವವು ಸೀಲನ್ನು ಗೋಡೆಗೆ ಒತ್ತುತ್ತದೆ. ಕುಗ್ಗಿದ ನಡುವಿನಲ್ಲಿ ಅದೇ ಜಡತ್ವ, ಸೀಲಿನ ತೂಕದ ಸುಮಾರು 130ರಷ್ಟು ಬಲದಿಂದ, ಅದನ್ನು ಗೋಡೆಯಿಂದ ಬಿಡಿಸಲು ಎಳೆಯುತ್ತದೆ. ಅಲ್ಲಿ ಸೀಲನ್ನು ಹಿಡಿದು ನಿಲ್ಲಿಸತಕ್ಕವು ಬೆನ್ನಿನ ಸ್ಪ್ರಿಂಗು ಮತ್ತು ಅನಿಲದ ಒತ್ತಡ. ಭಾರವಾದ ಸೀಲು, ಎಷ್ಟೇ ಗಡಸಾಗಿರಲಿ, ಗೋಡೆಯನ್ನು ಬಿಟ್ಟು ಮತ್ತೆ ಬಡಿಯುವ ಸಂಭವ ಹೆಚ್ಚು.

ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. 1960ರ ದಶಕದ ಆರಂಭದಲ್ಲಿ, ಮಾಜ್ದಾ ಕಾರುಗಳನ್ನು ತಯಾರಿಸುತ್ತಿದ್ದ ತೋಯೊ ಕೋಗ್ಯೊ ಸಂಸ್ಥೆಯ ಎಂಜಿನ್ನುಗಳ ಒಳಗೋಡೆಯಲ್ಲಿ ಅಲೆಅಲೆಯಾದ ಗೀರುಗಳೆದ್ದವು. ಅಲ್ಲಿಯವರು ಅವನ್ನು ದೆವ್ವದ ಉಗುರಿನ ಗುರುತುಗಳೆಂದು ಕರೆದರು. ಕೆನಿಚಿ ಯಮಮೊತೊ ಅವರ ತಂಡ 1967ರ ಕಾಸ್ಮೊ ಸ್ಪೋರ್ಟ್ ಕಾರಿಗೆ ಆರಿಸಿದುದು ಇನ್ನಷ್ಟು ಗಡಸಾದ ಲೋಹವನ್ನಲ್ಲ. ಅಲ್ಯುಮಿನಿಯಂ ಸೇರಿಸಿದ ಇಂಗಾಲದ ಹಗುರ ಸೀಲನ್ನು, ಅದಕ್ಕೆದುರಾಗಿ ಕ್ರೋಮಿಯಂ ಲೇಪಿಸಿದ ಗೋಡೆಯನ್ನು. ಸೀಲು ಮತ್ತು ಗೋಡೆ ಒಂದು ಜೋಡಿ. ಒಂದನ್ನು ಬಿಟ್ಟು ಇನ್ನೊಂದರ ಬಾಳಿಕೆಯನ್ನು ಹೇಳುವುದು ಅಸಾಧ್ಯ. ನಮಗೆ ಹತ್ತಿರದ ನಿದರ್ಶನವೂ ಇದೆ. ನಿಶಾಂತ್ ಚಾಲಕರಹಿತ ವಿಮಾನದಲ್ಲಿ 2009ರಲ್ಲಿ ಕೋಲಾರದ ಬಳಿ ಹಾರಿದ ದೇಶೀಯ ವಾಂಕೆಲ್ ಎಂಜಿನ್ನಿಗಾಗಿ ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ನಿಕ್ಕೆಲ್ ಮತ್ತು ಸಿಲಿಕಾನ್ ಕಾರ್ಬೈಡಿನ ವಿಶೇಷ ಲೇಪವನ್ನು ರೂಪಿಸಿತು. ಆ ಶ್ರಮ ಸಂದುದು ಸೀಲಿಗಲ್ಲ, ಗೋಡೆಗೆ.

ಈಗ ಪ್ರಚಾರದಲ್ಲಿರುವ ಮಾತುಗಳನ್ನು ನೋಡೋಣ. ಉಕ್ಕಿನ ಸೀಲು ಮುರಿಯದೆ ಬಾಗುತ್ತದೆ ಎಂಬುದೊಂದು. ಇದು ನಿಜವಾದ ಗುಣವೇ. ಇಂಧನ ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿಯುವ ಡೆಟೊನೇಷನ್ ಉಂಟಾದಾಗ ಎರಕದ ಕಬ್ಬಿಣದ ಸೀಲು ತುಂಡಾಗಬಲ್ಲುದು. ಅದರ ಚೂರುಗಳು ಗೋಡೆಯನ್ನು ಕೊರೆದು, ಟರ್ಬೊಚಾರ್ಜರಿದ್ದರೆ ಅದರ ಚಕ್ರವನ್ನೂ ಕೆಡಿಸಬಲ್ಲವು. ಆದರೆ ಬಾಗಿದ ಸೀಲಿನಲ್ಲಿಯೂ ಅನಿಲ ಸೋರುತ್ತದೆ. ಗಡಸು ಉಕ್ಕು ಕ್ರೋಮಿಯಂ ಲೇಪವನ್ನು ತಿನ್ನಲೂಬಹುದು. ಕವಚದ ಬೆಲೆಯನ್ನು ನೋಡಿದರೆ, ಮೊದಲು ಸವೆಯಬೇಕಾದುದು ಸೀಲೇ ಹೊರತು ಗೋಡೆಯಲ್ಲ. ಸೀಲಿನ ಆಯುಸ್ಸನ್ನು ಹೊಗಳಿ ಗೋಡೆಯ ಸವೆತದ ಅಳತೆಯನ್ನು ಕೊಡದ ವರದಿ ಅರ್ಧ ಲೆಕ್ಕ.

ಸಿರಾಮಿಕ್ ಸೀಲಿನ ಪಕ್ಷ ಇದಕ್ಕಿಂತ ಬಲವಾದುದು. ಸಿಲಿಕಾನ್ ನೈಟ್ರೈಡಿನ ಸಾಂದ್ರತೆ ಎರಕದ ಕಬ್ಬಿಣದ ಅರ್ಧಕ್ಕಿಂತ ಕಡಿಮೆ. ಮೇಲೆ ಹೇಳಿದ ಜಡತ್ವದ ತೊಡಕಿಗೆ ಇದು ನೇರವಾದ ಉತ್ತರ. 1991ರಲ್ಲಿ ಲ ಮಾನ್ ಪಂದ್ಯವನ್ನು ಗೆದ್ದ ಮಾಜ್ದಾ 787ಬಿ ಕಾರಿನಲ್ಲಿ ಇದ್ದುದೂ ಸಿರಾಮಿಕ್ ಸೀಲುಗಳೇ. ಆದರೆ ಆ ಪಂದ್ಯ ಇಪ್ಪತ್ತನಾಲ್ಕು ಗಂಟೆಗಳದು. ವಿಮಾನದ ಎಂಜಿನ್ನಿನಿಂದ ನಿರೀಕ್ಷಿಸುವುದು ನೂರಾರು ಗಂಟೆಗಳನ್ನು. ಸಿರಾಮಿಕ್ ಭಿದುರವಾದುದು; ಡೆಟೊನೇಷನ್ನಿನ ಹೊಡೆತಕ್ಕೆ ಅದು ಬಾಗಲಾರದು. ಕಾರಿನ ಎಂಜಿನ್ನು ನಿಂತರೆ ರಸ್ತೆಯ ಅಂಚಿಗೆ ತಳ್ಳಬಹುದು. ವಿಮಾನದಲ್ಲಿ ಸೀಲು ಎಷ್ಟು ಕಾಲ ಬಾಳುತ್ತದೆ ಎನ್ನುವುದಕ್ಕಿಂತ ಕೆಡುವಾಗ ಹೇಗೆ ಕೆಡುತ್ತದೆ ಎನ್ನುವುದೇ ಮುಖ್ಯ.

ಹೀಗಿರುವಾಗ, ಟರ್ಬೊಚಾರ್ಜರಿಲ್ಲದ ಎಂಜಿನ್ನಿಗೆ ಮೂಲ ತಯಾರಕರ ಎರಕದ ಕಬ್ಬಿಣದ ಸೀಲೇ ಯುಕ್ತವೆಂದು ನಾವು ಭಾವಿಸುತ್ತೇವೆ. ಲೇಪ ಎದ್ದ ಹಳೆಯ ಕವಚಕ್ಕೆ ದುಬಾರಿ ಸೀಲು ಕೂರಿಸುವುದು ವ್ಯರ್ಥ. 100ಎಲ್‌ಎಲ್ ವಿಮಾನ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಮಿನವರೆಗೆ ಸೀಸವಿರಬಹುದು; ಅದರ ಮಡ್ಡಿ ತೋಡಿನಲ್ಲಿ ಕಟ್ಟಿಕೊಂಡರೆ ಯಾವ ವಸ್ತುವಿನ ಸೀಲಾದರೂ ಸಿಕ್ಕಿಕೊಳ್ಳುತ್ತದೆ. ಶುದ್ಧವಾಗಿ ಉರಿಯುವ ಎಣ್ಣೆಯನ್ನು ಇಂಧನದೊಡನೆ ಬೆರೆಸುವ ರೂಢಿ ಈ ದೃಷ್ಟಿಯಿಂದ ಒಪ್ಪತಕ್ಕದ್ದು. ಜೋಡಣೆಯಾದ ಮೇಲೆ ಪ್ರತಿ ರೋಟರಿನ ಮೂರು ಕೋಣೆಗಳ ಒತ್ತಡವನ್ನೂ ಬೇರೆಬೇರೆಯಾಗಿ ಅಳೆದು ಬರೆದಿಡಬೇಕು. ಒಂದೊಂದು ಸೀಲೂ ಎರಡು ಕೋಣೆಗಳ ನಡುವೆ ಇರುವುದರಿಂದ, ಮೂರರಲ್ಲಿ ಅಕ್ಕಪಕ್ಕದ ಎರಡು ಅಳತೆಗಳು ಒಟ್ಟಿಗೆ ಕುಸಿದರೆ ಅವುಗಳ ನಡುವಿನ ಸೀಲನ್ನೇ ಮೊದಲು ಶಂಕಿಸಬೇಕು. ಎಂಜಿನ್ನನ್ನು ಮತ್ತೆ ಬಿಚ್ಚಿ ನೋಡುವವರೆಗೆ ಆ ವಿಮಾನ ಹಾರಬಾರದು.