ಜುರ್ ಹೌಸೆನ್‌ರ ಪ್ರಬಂಧಗಳೂ ಉಲ್ಲೇಖಗಳ ಲೆಕ್ಕವೂ

ಒಬ್ಬ ವಿಜ್ಞಾನಿಯ ಸಾಧನೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳಬಹುದೆಂದು 2005ರಲ್ಲಿ ಸೂಚಿಸಿದವರು ನನ್ನ ವಿಷಯದವರೇ ಆದ ಭೌತವಿಜ್ಞಾನಿ ಹಿರ್ಷ್. ಅವರ ಎಚ್-ಸೂಚ್ಯಂಕದ ವ್ಯಾಖ್ಯೆ ಸರಳ. ನಿಮ್ಮ 20 ಪ್ರಬಂಧಗಳನ್ನು ಇತರರು ತಲಾ ಕನಿಷ್ಠ 20 ಬಾರಿ ಉಲ್ಲೇಖಿಸಿದ್ದು, 21 ಪ್ರಬಂಧಗಳಿಗೆ ತಲಾ 21 ಉಲ್ಲೇಖಗಳು ಇಲ್ಲದಿದ್ದರೆ ನಿಮ್ಮ ಸೂಚ್ಯಂಕ 20. ಈಗ ಒಂದು ಸಣ್ಣ ಲೆಕ್ಕ ಮಾಡಿ. ಒಬ್ಬರು ಹತ್ತೇ ಪ್ರಬಂಧ ಬರೆದಿದ್ದಾರೆ, ಪ್ರತಿಯೊಂದಕ್ಕೂ 1,000 ಉಲ್ಲೇಖಗಳಿವೆ. ಇನ್ನೊಬ್ಬರು 20 ಬರೆದಿದ್ದಾರೆ, ಪ್ರತಿಯೊಂದಕ್ಕೂ 20 ಉಲ್ಲೇಖಗಳಿವೆ. ಮೊದಲನೆಯವರ ಒಟ್ಟು ಉಲ್ಲೇಖಗಳು 10,000, ಎರಡನೆಯವರದು 400. ಆದರೆ ಸೂಚ್ಯಂಕ ಕ್ರಮವಾಗಿ 10 ಮತ್ತು 20!

ಪ್ರಯೋಗಾಲಯದಲ್ಲಿ ಹೊಸ ಮಾಪಕ ಬಂದಾಗ ಮೊದಲು ಏನು ಮಾಡುತ್ತೇವೆ? ಬೆಲೆ ಗೊತ್ತಿರುವ ಮಾದರಿಯೊಂದನ್ನು ಅದರಲ್ಲಿಟ್ಟು ನೋಡುತ್ತೇವೆ. ಅಂಥ ಮಾದರಿಯಾಗಿ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ (1936–2023) ಅವರನ್ನು ತೆಗೆದುಕೊಳ್ಳೋಣ. ಗರ್ಭಕೊರಳಿನ ಕ್ಯಾನ್ಸರಿಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಕಾರಣವೆಂದು ತೋರಿಸಿದ್ದಕ್ಕಾಗಿ 2008ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಅವರಿಗೆ ಸಂದಿತು. ಅವರ ಕೆಲಸದ ಬೆಲೆಯ ಬಗ್ಗೆ ಈಗ ವಿವಾದವಿಲ್ಲ.

1970ರ ದಶಕದ ಆರಂಭದಲ್ಲಿ ಈ ಕ್ಯಾನ್ಸರಿಗೆ ಹರ್ಪಿಸ್ ಸಿಂಪ್ಲೆಕ್ಸ್ ಎರಡನೇ ಬಗೆಯ ವೈರಸ್ಸೇ ಕಾರಣವೆಂದು ಬಹುಮಂದಿ ನಂಬಿದ್ದರು. ಆ ಬಗ್ಗೆ ಪ್ರಬಂಧಗಳು ಸಾಲುಸಾಲಾಗಿ ಬಂದವು, ಒಂದು ಇನ್ನೊಂದನ್ನು ಉಲ್ಲೇಖಿಸಿತು. ಕ್ಯಾನ್ಸರ್ ಅಂಗಾಂಶದಲ್ಲಿ ಹರ್ಪಿಸ್ ವೈರಸ್ಸಿನ ಡಿಎನ್‌ಎ ತಮಗೆ ಸಿಗಲಿಲ್ಲವೆಂದು ಜುರ್ ಹೌಸೆನ್ 1974ರಲ್ಲಿ ಫ್ಲಾರಿಡಾದ ಒಂದು ಸಮ್ಮೇಳನದಲ್ಲಿ ಹೇಳಿದಾಗ ಸಭೆ ಒಪ್ಪಲಿಲ್ಲ. ನರುಲಿಗೆ ಕಾರಣವಾದ ಪ್ಯಾಪಿಲೋಮಾ ವೈರಸ್ಸುಗಳ ಕಡೆ ನೋಡಬೇಕೆಂದು 1976ರಲ್ಲಿ ಅವರು ಬರೆದರು. ಅನಂತರ ಅವರ ತಂಡಕ್ಕೆ ಮೊದಲು ಸಿಕ್ಕಿದ್ದು 6 ಮತ್ತು 11ನೇ ಬಗೆಗಳು. ಇವು ಜನನಾಂಗದ ನರುಲಿಗೆ ಕಾರಣವೇ ಹೊರತು ಈ ಕ್ಯಾನ್ಸರಿಗಲ್ಲ. ಆದರೆ 11ನೇ ಬಗೆಯ ಡಿಎನ್‌ಎಯನ್ನೇ ಶೋಧಕವಾಗಿ ಬಳಸಿ 1983ರಲ್ಲಿ 16ನೇ ಬಗೆಯನ್ನೂ ಮರುವರ್ಷ 18ನೇ ಬಗೆಯನ್ನೂ ಕ್ಯಾನ್ಸರ್ ಅಂಗಾಂಶದಲ್ಲಿ ಪತ್ತೆಮಾಡಿದರು. ಜಗತ್ತಿನ ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 70ರಷ್ಟಕ್ಕೆ ಈ ಎರಡೇ ಕಾರಣ. ಇತ್ತ ಹರ್ಪಿಸ್ ವಾದ ನೆಲಕಚ್ಚಿತು. ಪ್ರಾಗ್‌ನಲ್ಲಿ 10,000ಕ್ಕೂ ಹೆಚ್ಚು ಮಹಿಳೆಯರನ್ನು ಅನುಸರಿಸಿದ ಅಧ್ಯಯನ 1984ರಲ್ಲಿ ಅದಕ್ಕೆ ಆಧಾರ ಕಾಣಲಿಲ್ಲ.

ಈಗ ಮಾಪಕವನ್ನು ನೋಡಿ. ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕಕ್ಕೆ ಹಿಂದಿನ ಎರಡು ವರ್ಷಗಳ ಲೇಖನಗಳು ಮಾತ್ರ ಸೇರುತ್ತವೆ. 1976ರ ಪ್ರಬಂಧ 1977 ಮತ್ತು 1978ರ ಲೆಕ್ಕದಲ್ಲಿ ಮಾತ್ರ ಇರುತ್ತದೆ. ಅದರ ಸತ್ಯ ಹೊರಬಿದ್ದದ್ದು 1983ರಲ್ಲಿ. ನಿಧಾನವಾಗಿ ಏರುವ ಉಷ್ಣತೆಯನ್ನು ಎರಡು ಸೆಕೆಂಡು ಅದ್ದಿ ತೆಗೆದ ಉಷ್ಣಮಾಪಕದಿಂದ ಅಳೆದಂತಾಯಿತು. 2010ರ ಯುಜಿಸಿ ನಿಯಮಗಳಲ್ಲಿ ಅಧ್ಯಾಪಕರ ಪ್ರಬಂಧಕ್ಕೆ ಇದೇ ಅಂಶದ ಆಧಾರದ ಮೇಲೆ ಹೆಚ್ಚುವರಿ ಅಂಕ ನೀಡುತ್ತಿದ್ದರೆಂಬುದು ಓದುಗರಲ್ಲಿ ಹಲವರಿಗೆ ನೆನಪಿರಬಹುದು. ನಿಯತಕಾಲಿಕದ ಸರಾಸರಿಯನ್ನು ಅದರಲ್ಲಿ ಬರೆದ ವ್ಯಕ್ತಿಯ ತಲೆಗೆ ಕಟ್ಟುವುದು ಸಂಖ್ಯಾಶಾಸ್ತ್ರದ ಮೊದಲ ಪಾಠಕ್ಕೇ ವಿರುದ್ಧ.

1983ರ ಪ್ರಬಂಧದಲ್ಲಿ ನಾಲ್ವರ ಹೆಸರಿದೆ. ಮೊದಲ ಹೆಸರು ಮಥಿಯಾಸ್ ಡ್ಯೂರ್ಸ್ಟ್ ಅವರದು, ಜುರ್ ಹೌಸೆನ್‌ರದು ಕೊನೆಯದು. ಎಚ್-ಸೂಚ್ಯಂಕ ನಾಲ್ವರಿಗೂ ಪೂರ್ತಿ ಪಾಲು ಕೊಡುತ್ತದೆ. ಆದರೆ ಪ್ರತ್ಯೇಕಿಸಿದ ವೈರಸ್ ಡಿಎನ್‌ಎಯ ಪ್ರತಿಗಳನ್ನು ಅವರು ಇತರ ಸಂಶೋಧಕರಿಗೆ ದೊರಕಿಸಿದರಲ್ಲ, ಅದಕ್ಕೆ ಯಾವ ಪಟ್ಟಿಯಲ್ಲೂ ಒಂದು ಸಾಲಿಲ್ಲ. 2006ರಲ್ಲಿ ಮೊದಲ ಲಸಿಕೆ ಬಳಕೆಗೆ ಬರುವವರೆಗಿನ ಕೆಲಸಕ್ಕೆ ಅದೂ ಒಂದು ಆಧಾರವಾಗಿತ್ತು. ಇನ್ನೊಂದು ಮಾತು: ಜೀವನದ ಕೊನೆಯ ವರ್ಷಗಳಲ್ಲಿ ಅವರು ದನದ ಮಾಂಸ ಮತ್ತು ಹಾಲಿನಲ್ಲಿನ ಡಿಎನ್‌ಎ ಅಂಶಗಳಿಗೂ ಕೆಲವು ಕ್ಯಾನ್ಸರುಗಳಿಗೂ ನಂಟು ಕಲ್ಪಿಸಿದರು. ಆ ಊಹೆ ದೃಢಪಟ್ಟಿಲ್ಲ. ಅದನ್ನು ಸಂದೇಹಿಸಿ ಬರೆದವರೂ ಉಲ್ಲೇಖಿಸಲೇಬೇಕು. ಎಣಿಕೆಯಲ್ಲಿ ಖಂಡನೆಯೂ ಒಂದು, ಮಂಡನೆಯೂ ಒಂದು.

ಹಾಗಾದರೆ ಉಲ್ಲೇಖಗಳನ್ನು ಎಣಿಸಲೇಬಾರದೇ? ಎಣಿಸಿ, ಆದರೆ ಯಾವ ಕಾಲಾವಧಿಯಲ್ಲಿ ಎಂದು ಕೇಳಿ. ನಮ್ಮ ಬೀದರ್, ಕಲಬುರಗಿಗಳ ಪಕ್ಕದ ಉಸ್ಮಾನಾಬಾದ್ (2023ರಿಂದ ಧಾರಾಶಿವ) ಜಿಲ್ಲೆಯಲ್ಲಿ ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 1999ರಲ್ಲಿ ಒಂದು ಪರೀಕ್ಷೆ ಆರಂಭಿಸಿದರು. 52 ಗ್ರಾಮ ಸಮೂಹಗಳು, 30ರಿಂದ 59 ವಯಸ್ಸಿನ 1,31,746 ಮಹಿಳೆಯರು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ನಡೆಸಿದ ಗುಂಪಿನಲ್ಲಿ, ತಪಾಸಣೆ ಇಲ್ಲದ ಗುಂಪಿಗೆ ಹೋಲಿಸಿದರೆ, ಗರ್ಭಕೊರಳಿನ ಕ್ಯಾನ್ಸರಿನ ಸಾವು ಹತ್ತಿರಹತ್ತಿರ ಅರ್ಧಕ್ಕಿಳಿದಿತ್ತು. ಆ ಮುಖ್ಯ ಫಲಿತಾಂಶ ಅಚ್ಚಾದದ್ದು 2009ರಲ್ಲಿ, ಒಂದು ಪ್ರಬಂಧವಾಗಿ.