ಗುರುವಾರದ ಸಾಕ್ಷಿ

ಹಳೆಯ ಇಂಗ್ಲಿಷ್ ಸಿನಿಮಾ ಎಂದರೆ ನನಗೆ ಸ್ವಲ್ಪ ಅಳುಕು. ಅವರ ಮಾತು ಅರ್ಥವಾಗುವಷ್ಟರಲ್ಲಿ ಮುಂದಿನ ದೃಶ್ಯ ಬಂದಿರುತ್ತದೆ. ಆದರೂ ಒಂದು ಬೇಸಿಗೆ ರಜೆಯಲ್ಲಿ ಮಗಳು ತನ್ನ ಕಂಪ್ಯೂಟರಿನಲ್ಲಿ, ಕೆಳಗೆ ಅಕ್ಷರ ಮೂಡುವ ಹಾಗೆ ಮಾಡಿ, ಒಂದು ಕಪ್ಪುಬಿಳುಪು ಚಿತ್ರ ಹಾಕಿಕೊಟ್ಟಳು. "ಅಮ್ಮ, ನೀನು ಪೌರನೀತಿ ಪಾಠ ಮಾಡ್ತೀಯಲ್ಲ, ಇದು ನಿನಗೇ ಹೇಳಿ ಮಾಡಿಸಿದ ಹಾಗಿದೆ" ಎಂದಳು. ಹೆಸರು 'ಅಡ್ವೈಸ್ ಅಂಡ್ ಕನ್ಸೆಂಟ್', 1962ರದು, ನಿರ್ದೇಶಕ ಆಟೊ ಪ್ರೆಮಿಂಜರ್. ಆಲೆನ್ ಡ್ರೂರಿ ಎಂಬ ಪತ್ರಕರ್ತ 1959ರಲ್ಲಿ ಪ್ರಕಟಿಸಿದ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಕಾದಂಬರಿ ಅದಕ್ಕೆ ಆಧಾರ. ಹುರುಳಿಕಾಯಿ ಬಿಡಿಸುತ್ತ ನೋಡಲು ಕೂತವಳು ಅರ್ಧಕ್ಕೆ ಕೈ ನಿಲ್ಲಿಸಿದೆ. ಏಕೆಂದು ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಮಂತ್ರಿಮಂಡಲ ರಚನೆಯೆಂದರೆ ರಾತ್ರೋರಾತ್ರಿ ತಯಾರಾಗುವ ಪಟ್ಟಿ, ಬೆಳಿಗ್ಗೆ ಪ್ರಮಾಣವಚನ, ಸಂಜೆ ಖಾತೆ ಸಿಗದವರ ಮುನಿಸು. ಸದನ ವಿಶ್ವಾಸ ಸೂಚಿಸುವುದು ಇಡೀ ಮಂತ್ರಿಮಂಡಲಕ್ಕೆ, ಒಬ್ಬೊಬ್ಬರಿಗಲ್ಲ. ಸದನದ ಸದಸ್ಯರಲ್ಲದವರೂ ಮಂತ್ರಿಯಾಗಬಹುದು, ಆರು ತಿಂಗಳೊಳಗೆ ಸದಸ್ಯರಾದರಾಯಿತು. 1996ರಲ್ಲಿ ದೇವೇಗೌಡರು ಪ್ರಧಾನಿಯಾದದ್ದೂ ಹಾಗೆಯೇ ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ. ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ಮಂತ್ರಿಗೆ ಕಾರ್ಯದರ್ಶಿ ಎನ್ನುತ್ತಾರೆ. ಆತ ಸಂಸತ್ತಿನ ಸದಸ್ಯನಾಗಿರುವಂತೆಯೇ ಇಲ್ಲ. ಹೊಸ ಅಧ್ಯಕ್ಷ ತಾನು ಆರಿಸಿದ ಒಬ್ಬೊಬ್ಬರ ಹೆಸರನ್ನೂ ಸೆನೆಟ್ಟಿಗೆ ಕಳಿಸಬೇಕು. ಅಲ್ಲಿ ಸಮಿತಿಯವರು ಎದುರಿಗೆ ಕೂರಿಸಿಕೊಂಡು ಹಿಂದುಮುಂದೆಲ್ಲ ಕೆದಕುತ್ತಾರೆ. ಆಮೇಲೆ ಸದನದಲ್ಲಿ ಮತ. ನನಗೆ ನೆನಪಾದದ್ದು ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು ಕೇಸರಿಭಾತಿನ ತಟ್ಟೆಯೊಂದು ಇರಲಿಲ್ಲ, ಅಷ್ಟೇ. ಗಂಡಸರನ್ನು ಹಾಗೆ ಕೂರಿಸಿ ಕೇಳುವುದನ್ನು ನೋಡಿ ಮೊದಲರ್ಧ ಗಂಟೆ ಖುಷಿಯನ್ನೇ ಪಟ್ಟೆ.

ಕಥೆ ಇಷ್ಟು. ಕಾಯಿಲೆಯ ಅಧ್ಯಕ್ಷ ತನ್ನ ವಿದೇಶಾಂಗ ಕಾರ್ಯದರ್ಶಿಯಾಗಿ ಲೆಫಿಂಗ್‌ವೆಲ್ ಎಂಬಾತನ ಹೆಸರು ಕಳಿಸುತ್ತಾನೆ. ಹೆನ್ರಿ ಫಾಂಡಾ ಆ ಪಾತ್ರದಲ್ಲಿದ್ದಾರೆ. ಮೆಲುದನಿ, ಓದಿದವರ ಗತ್ತು. ದಕ್ಷಿಣದ ಮುದಿ ಸೆನೆಟರ್ ಕೂಲಿಗೆ ಈತನನ್ನು ಕಂಡರಾಗದು. ಚಾರ್ಲ್ಸ್ ಲಾಟನ್ ಅವರ ಕೊನೆಯ ಚಿತ್ರವಿದು, ಅದೇ ವರ್ಷ ತೀರಿಕೊಂಡರು. ಅರೆಮುಚ್ಚಿದ ಕಣ್ಣಿನಲ್ಲೇ ಅವರು ತೋರಿಸುವ ಹಗೆತನಕ್ಕಾಗಿಯಾದರೂ ಚಿತ್ರ ನೋಡಬೇಕು. ಕೂಲಿ ಎಲ್ಲಿಂದಲೋ ಗೆಲ್ಮನ್ ಎಂಬ ಸಾಕ್ಷಿಯನ್ನು ಹುಡುಕಿ ತರುತ್ತಾನೆ. ಲೆಫಿಂಗ್‌ವೆಲ್ ಹಿಂದೆ ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದಾಗ ಕಮ್ಯುನಿಸ್ಟರ ಗುಪ್ತ ಸಭೆಗಳಿಗೆ ಬರುತ್ತಿದ್ದನೆಂದು ಗೆಲ್ಮನ್ ಹೇಳಬೇಕು. ಆ ಕಾಲದ ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಆರೋಪವಿರಲಿಲ್ಲ.

ಗೆಲ್ಮನ್ ಹೇಳುವುದು ನಿಜ. ಆದರೆ ಹೇಳಲು ಬಾರದು. ಕೈ ನಡುಗುತ್ತದೆ, ಮಾತು ತೊದಲುತ್ತದೆ. ಲೆಫಿಂಗ್‌ವೆಲ್ ಎದ್ದು ನಿಂತು ಮೃದುವಾಗಿ ಒಂದೊಂದೇ ಪ್ರಶ್ನೆ ಹಾಕುತ್ತಾನೆ. ಸಭೆ ನಡೆದ ವಿಳಾಸ ಅವನು ಹೇಳಿದಂತೆ ಇಲ್ಲವೆಂದು ತೋರಿಸುತ್ತಾನೆ. ಈತನಿಗೆ ಹಿಂದೆ ಮನಸ್ಸಿನ ಕಾಯಿಲೆ ಬಂದಿತ್ತು, ತಾನೇ ಸಹಾಯ ಮಾಡಿದ್ದೆ ಎಂಬುದನ್ನೂ ಹೊರತೆಗೆಯುತ್ತಾನೆ. ಗೆಲ್ಮನ್ ಕುಸಿಯುತ್ತಾನೆ. ಪ್ರಮಾಣ ಮಾಡಿ ಸುಳ್ಳು ಹೇಳಿದವನು ಗೆದ್ದು ಹೊರಗೆ ಬರುತ್ತಾನೆ. ಬರ್ಜೆಸ್ ಮೆರೆಡಿತ್ ಎಂಬ ನಟ ಕೆಲವೇ ನಿಮಿಷ ಬಂದು ಹೋಗುವ ಈ ಪಾತ್ರವನ್ನು ನಾನು ಮರೆಯಲಾರೆ.

ನನ್ನ ಕೈ ನಿಂತದ್ದು ಅಲ್ಲೇ.

ನಾನು ಮೊದಲು ಸೇರಿದ್ದು ಒಂದು ಅನುದಾನಿತ ಶಾಲೆಗೆ. ನೇಮಕಾತಿಗೆ ಇಲಾಖೆಯ ಅನುಮೋದನೆ ಇನ್ನೂ ಬಂದಿರಲಿಲ್ಲ. ಬರುವತನಕ ಕೆಲಸ ನೆಚ್ಚಿಕೊಳ್ಳುವಂತಿಲ್ಲ ಎಂಬುದು ಅಂಥ ಶಾಲೆಯಲ್ಲಿ ದುಡಿದವರಿಗೆ ಗೊತ್ತು. ಆಗ ಪರೀಕ್ಷಾ ಶುಲ್ಕದ ಹಣ ಕಾಣೆಯಾಯಿತು. ಆಯಾ ಒಬ್ಬಳಿದ್ದಳು, ಓದುಬರಹ ಬಾರದವಳು. ಹಿರಿಯರೊಬ್ಬರು ಬೀರುವಿನಿಂದ ಹಣದ ಕಟ್ಟು ತೆಗೆದು ಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿದೆ ಎಂದಳು. ನನ್ನ ಅನುಮೋದನೆಯ ಕಡತ ಮುಂದೆ ಹೋಗಬೇಕಾದದ್ದು ಅದೇ ಹಿರಿಯರ ಕೈಯಿಂದ. ಆಡಳಿತ ಮಂಡಳಿಯವರು ವಿಚಾರಣೆಗೆ ಕೂತರು. "ಯಾವತ್ತು ನೋಡಿದೆ?" ಎಂದರು. "ಗುರುವಾರ ಸಾಯಂಕಾಲ ಸಾರ್" ಎಂದಳು. ಹಾಜರಿ ಪುಸ್ತಕ ತರಲು ನನಗೆ ಹೇಳಿದರು. ಗುರುವಾರ ಊರ ಜಾತ್ರೆ, ಶಾಲೆಗೆ ರಜೆ. "ರಜೆ ಸರ್" ಎಂದು ಓದಿ ಹೇಳಿದೆ. ಎಲ್ಲರೂ ನಕ್ಕರು. ಆಕೆ ನನ್ನ ಕಡೆ ತಿರುಗಿ, "ಟೀಚರಮ್ಮ, ನೀವಾದ್ರೂ ಯೋಳಿ" ಎಂದಳು.

ಅದು ಶುಕ್ರವಾರ ಎಂದು ನನಗೆ ಗೊತ್ತಿತ್ತು. ಶುಕ್ರವಾರ ಉತ್ತರಪತ್ರಿಕೆ ತಿದ್ದುತ್ತ ನಾನೂ ಉಳಿದಿದ್ದೆ. ಆಕೆ ಆಫೀಸಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತದ್ದನ್ನೂ, ಆ ಹಿರಿಯರು ಚೀಲ ಹಿಡಿದು ಹೊರಬಂದದ್ದನ್ನೂ ಕಂಡಿದ್ದೆ. ನಾನು ಸುಳ್ಳು ಹೇಳಲಿಲ್ಲ. ಗುರುವಾರ ರಜೆ ಇದ್ದದ್ದು ನಿಜ. ಪುಸ್ತಕ ಮುಚ್ಚಿ ತಲೆ ತಗ್ಗಿಸಿದೆ, ಅಷ್ಟೆ. ಸೋಮವಾರದಿಂದ ಆಕೆ ಬರಲಿಲ್ಲ. ಮೂರು ತಿಂಗಳಿಗೆ ನನ್ನ ಅನುಮೋದನೆ ಬಂತು.

ಈ ಕಾರಣಕ್ಕೇ ಚಿತ್ರದ ಮೇಲೆ ನನಗೊಂದು ತಕರಾರಿದೆ. ಲೆಫಿಂಗ್‌ವೆಲ್ ಮನೆಯಲ್ಲಿ ತನ್ನ ಪುಟ್ಟ ಮಗನ ಕೈಯಲ್ಲೇ, ಫೋನಿನಲ್ಲಿ, ಅಪ್ಪ ಮನೆಯಲ್ಲಿಲ್ಲ ಎಂದು ಹೇಳಿಸಿ, ಇದು ಕೇಳುವವರಿಗೂ ಸುಳ್ಳೆಂದು ಗೊತ್ತಿರುವ ಈ ಊರಿನ ಸುಳ್ಳು ಎಂದು ಸಮಜಾಯಿಷಿ ಕೊಡುವ ದೃಶ್ಯವಿದೆ. ಬಹಳ ಸೊಗಸಾದ ದೃಶ್ಯ. ಆತ ಅಧ್ಯಕ್ಷನ ಬಳಿ ನಿಜ ಒಪ್ಪಿಕೊಂಡು ತನ್ನ ಹೆಸರು ಹಿಂತೆಗೆದುಕೊಳ್ಳಿ ಎನ್ನುತ್ತಾನೆ. ಅಧ್ಯಕ್ಷ ಕೇಳುವುದಿಲ್ಲ. ಹೀಗೆ ದೊಡ್ಡವರ ಸಂಕಟಕ್ಕೆಲ್ಲ ಚಿತ್ರದಲ್ಲಿ ಜಾಗವಿದೆ. ಗೆಲ್ಮನ್ನನ ಹೆಸರಿಗೆ ಅಂಟಿದ್ದನ್ನು ತೊಳೆಯಲು ಮಾತ್ರ ಯಾರೂ ಹೋಗುವುದಿಲ್ಲ. ನಿರ್ದೇಶಕನೂ ಹೋಗುವುದಿಲ್ಲ. ಅವನ ಸಾಕ್ಷಿ ಕಥೆಗೆ ಬೇಕಾಗಿತ್ತು, ಅವನು ಬೇಕಾಗಿರಲಿಲ್ಲ.

ಹೆಂಗಸರ ಪಾಡೂ ಹೆಚ್ಚುಕಡಿಮೆ ಇದೇ. ಸಮಿತಿಯ ಅಧ್ಯಕ್ಷನಾದ ಆಂಡರ್ಸನ್ ಎಂಬ ಯುವ ಸೆನೆಟರ್‌ಗೆ ನಿಜ ಗೊತ್ತಾಗಿ ಒಪ್ಪಿಗೆ ತಡೆಹಿಡಿಯುತ್ತಾನೆ. ಯುದ್ಧಕಾಲದಲ್ಲಿ ಇನ್ನೊಬ್ಬ ಗಂಡಸಿನೊಡನೆ ಅವನಿಗಿದ್ದ ಸಂಬಂಧವನ್ನು ಹಿಡಿದು ಕೆಲವರು ಬೆದರಿಸುತ್ತಾರೆ. ಕೊನೆಗೆ ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ಏನಾಯಿತೆಂದು ಕೇಳಿ ಕೇಳಿ ಸೋತ ಅವನ ಹೆಂಡತಿ ಎಲೆನ್‌ಳನ್ನು ಕ್ಯಾಮೆರಾ ಅರೆಗಣ್ಣಿನಿಂದ ನೋಡಿ ಮುಂದೆ ಹೋಗುತ್ತದೆ. ಡಾಲಿ ಎಂಬ ಶ್ರೀಮಂತೆ ಔತಣ ಕೊಡುತ್ತಾಳೆ. ಏಳು ವರ್ಷ ಚಿತ್ರರಂಗದಿಂದ ದೂರವಿದ್ದ ಜೀನ್ ಟಿಯರ್ನಿ ಆ ಪಾತ್ರದಲ್ಲಿ. ಅವರೂ ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆ ಕಂಡು ಬಂದವರೇ. ಸದನದಲ್ಲಿ ಒಬ್ಬಳೇ ಹೆಣ್ಣು, ಕ್ಯಾನ್ಸಾಸಿನ ಸೆನೆಟರ್ ಬೆಸ್ಸಿ ಆಡಮ್ಸ್. ಬೆಟ್ಟಿ ವೈಟ್ ಚುರುಕಾಗಿ ನಾಲ್ಕು ಮಾತಾಡಿ ಕೂರುತ್ತಾರೆ. 1962ರ ನಿಜವಾದ ಸೆನೆಟ್ಟಿನಲ್ಲಿ ಇಬ್ಬರಿದ್ದರು. 1933ರಲ್ಲೇ ಕಾರ್ಮಿಕ ಖಾತೆಗೆ ಬಂದು ಅಮೆರಿಕದ ಮೊದಲ ಮಹಿಳಾ ಮಂತ್ರಿಯಾದ ಫ್ರಾನ್ಸಿಸ್ ಪರ್ಕಿನ್ಸ್ ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು. ಅದು ನಮ್ಮ ಕಸುಬಿನ ಹೆಮ್ಮೆ ಅನ್ನಿ.

ಮತದಾನದ ದೃಶ್ಯ ಚೆನ್ನಾಗಿದೆ. ಒಬ್ಬೊಬ್ಬರ ಹೆಸರು ಕೂಗುತ್ತ ಹೋಗಿ ಮತ ಸಮಸಮವಾಗುತ್ತದೆ. ಆಗಲೇ ಅಧ್ಯಕ್ಷ ತೀರಿಕೊಂಡ ಸುದ್ದಿ. ನಿರ್ಣಾಯಕ ಮತ ಹಾಕಬಹುದಾಗಿದ್ದ ಉಪಾಧ್ಯಕ್ಷ ಹಾಕುವುದಿಲ್ಲ. ಕಾರ್ಯದರ್ಶಿಯನ್ನು ತಾನೇ ಆರಿಸುತ್ತೇನೆಂದು ಹೊರಡುತ್ತಾನೆ. ಇದು ಸಿನಿಮಾದ ಅನುಕೂಲ ಎನ್ನಬೇಡಿ. ಕಾದಂಬರಿ ಬಂದ ವರ್ಷವೇ, 1959ರ ಜೂನ್‌ನಲ್ಲಿ, ಲೂಯಿಸ್ ಸ್ಟ್ರಾಸ್ ಎಂಬವರನ್ನು ಸೆನೆಟ್ 49–46ರಿಂದ ತಿರಸ್ಕರಿಸಿತ್ತು. 1989ರಲ್ಲಿ ಆಗತಾನೆ ಬಂದ ಹಿರಿಯ ಬುಷ್ ರಕ್ಷಣಾ ಖಾತೆಗೆ ಹೆಸರಿಸಿದ ಜಾನ್ ಟವರ್ 53–47ರಿಂದ ಬಿದ್ದರು. ಹಾಗೆ ಬಿದ್ದವರು ಎರಡು ಶತಮಾನಗಳಲ್ಲಿ ಹತ್ತು ಜನ ಆಗುವುದಿಲ್ಲ. 2017ರಲ್ಲಿ ಮತ ನಿಜಕ್ಕೂ ಸಮವಾಯಿತು, ಅದೂ ಶಿಕ್ಷಣ ಖಾತೆಗೆ. ಬೆಟ್ಸಿ ಡಿವೋಸ್ ಅವರಿಗೆ ಸರ್ಕಾರಿ ಶಾಲೆಗಳ ಅನುಭವವಿಲ್ಲವೆಂದು ವಿರೋಧವಿತ್ತು. 50–50 ಆದಾಗ ಉಪಾಧ್ಯಕ್ಷ ಪೆನ್ಸ್ ಮತ ಹಾಕಿ ಗೆಲ್ಲಿಸಿದರು. 2025ರ ಜನವರಿಯಲ್ಲಿ ರಕ್ಷಣಾ ಖಾತೆಗೆ ಮತ್ತೆ ಹಾಗೆಯೇ ಆಯಿತು. ಸಿನಿಮಾದ ಉಪಾಧ್ಯಕ್ಷ ಮಾತ್ರ ಮತ ಹಾಕದೆ ಎದ್ದುಹೋದ.

ಶಾಲೆ ತೆರೆದ ಮೇಲೆ ಹತ್ತನೆಯ ತರಗತಿಗೆ ಈ ಕಥೆ ಹೇಳಿದೆ. ಮತ ಸಮವಾದ ಕಡೆ ಹುಡುಗರು ಚಪ್ಪಾಳೆ ಹೊಡೆದರು. ಗಂಟೆ ಬಾರಿಸಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಾಗಿಲವರೆಗೂ ಬಂದು, "ಮಿಸ್, ಗೆಲ್ಮನ್‌ಗೆ ಆಮೇಲೆ ಏನಾಯ್ತು?" ಎಂದು ಕೇಳಿದಳು. ಅದು ಸಿನಿಮಾದಲ್ಲಿಲ್ಲ ಎಂದೆ.